ಹಳೇ ಪಿಕಪ್‌ಗೆ ಹೊಸ ಸಂಸಾರ

ಕ್ಯಾಂಪಿಂಗ್ ಆಸೆಗೆ ಮನೆಯವರು ಹಳೇ ಪಿಕಪ್ ಕೊಳ್ಳುವ ಯೋಚನೆಯಲ್ಲಿದ್ದಾರಾ? ಟೆಂಟು, ಲೈಟು, ಹೊಳೆಯುವ ಬಂಪರ್‌ಗಿಂತ ಮೊದಲು ಬ್ರೇಕು, ಟೈರು, ರೇಡಿಯೇಟರ್ ಕಡೆ ನೋಡಿ. ಗಾಡಿಯ ಲೆಕ್ಕದ ಪುಸ್ತಕ ನಿಮ್ಮ ಕೈಯಲ್ಲೇ ಇರಲಿ!

ಬೊಮ್ಮಸಂದ್ರದಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ವಾರವಿಡೀ ದುಡಿದ ಯಜಮಾನರಿಗೆ ಶನಿವಾರ ಸಂಜೆ ಟೀ ಕುಡಿಯುವಾಗ ಒಂದು ಆಸೆ ಹುಟ್ಟುತ್ತದೆ. 'ಒಂದು ಹಳೇ ಪಿಕಪ್ ನೋಡಿದೀನಿ ಕಣೆ, ಕಮ್ಮಿಗೆ ಸಿಗುತ್ತೆ. ಹಿಂದೆ ಹಾಸಿಗೆ ಹಾಕ್ಕೊಂಡ್ರೆ ಎಲ್ಲಿ ಬೇಕಾದ್ರೂ ಹೋಗಿ ಮಲಗಬಹುದು. ರೆಸಾರ್ಟಿಗೆ ಕೊಡೋ ದುಡ್ಡು ಉಳಿಯುತ್ತೆ' ಅಂತಾರೆ. ಮಕ್ಕಳು ಆಗಲೇ ಕುಣಿಯೋಕೆ ಶುರು!

ತಕ್ಷಣ 'ಬೇಡ' ಅನ್ನಬೇಡಿ. ಹಾಗಂತ ಕಣ್ಣುಮುಚ್ಚಿ 'ಹೂಂ' ಅಂತಲೂ ಅನ್ನಬೇಡಿ. ಆಸೆ ಒಳ್ಳೆಯದೇ. ಹಳೆಯ ಪಿಕಪ್ ಗಟ್ಟಿ ಗಾಡಿ, ಬಿಡಿಭಾಗಗಳು ಎಲ್ಲೆಡೆ ಸಿಗುತ್ತವೆ, ರಿಪೇರಿ ಗೊತ್ತಿರುವ ಮೆಕ್ಯಾನಿಕ್ ಪ್ರತಿ ಊರಲ್ಲೂ ಇದ್ದಾರೆ. ಆದರೆ ಆ ಗಾಡಿಯಲ್ಲಿ ನಿಮ್ಮ ಮಕ್ಕಳು ಕೂರುತ್ತಾರೆ, ಘಾಟಿ ಇಳಿಯುತ್ತಾರೆ, ರಾತ್ರಿ ಮಲಗುತ್ತಾರೆ. ಹಾಗಾಗಿ ದುಡ್ಡು ಯಾವುದಕ್ಕೆ ಮೊದಲು ಖರ್ಚಾಗಬೇಕು ಅನ್ನುವುದನ್ನು ನೀವೂ ಕೂತು ತೀರ್ಮಾನಿಸಬೇಕು. ಮನೆ ಖರ್ಚಿನಲ್ಲಿ ಅಕ್ಕಿ ಬೇಳೆ ಮೊದಲು, ಶೋಕೇಸಿನ ಗೊಂಬೆ ಆಮೇಲೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಗಾಡಿಗೂ ಅದೇ ಲೆಕ್ಕ.

ಕೊಳ್ಳುವ ಮೊದಲು ಆರ್‌ಸಿ ಓದಿ

ನಮ್ಮ ಆನೇಕಲ್ ಸುತ್ತಮುತ್ತ ಹಳೇ ಪಿಕಪ್‌ಗಳಿಗೆ ಬರವಿಲ್ಲ. ಜಿಗಣಿಯ ಗ್ರಾನೈಟ್ ಯೂನಿಟ್‌ಗಳು, ಅತ್ತಿಬೆಲೆಯ ಗೋದಾಮುಗಳು, ರೇಷ್ಮೆ ಮಗ್ಗದವರು, ಹೂವು ತರಕಾರಿ ಸಾಗಿಸುವವರು, ಎಲ್ಲರ ಬಳಿಯೂ ಇವೆ. ಟಾಟಾದವರು 1988ರಲ್ಲಿ ಟಾಟಾಮೊಬೈಲ್ ಪಿಕಪ್ ತಂದರು, ಮಹೀಂದ್ರದ ಬೊಲೆರೊ 2000ದಲ್ಲಿ ಬಂತು. ಆಮೇಲೆ ಬೊಲೆರೊ ಹೆಸರಲ್ಲೇ ಪಿಕಪ್, ಕ್ಯಾಂಪರ್ ಗಾಡಿಗಳೂ ಬಂದವು. ಇಸುಜು ವಿ-ಕ್ರಾಸ್ 2016ರಲ್ಲಿ ಬಂದ ಮೇಲೆ ಪಿಕಪ್ ಅಂದರೆ ಬರೀ ಸರಕಿನ ಗಾಡಿಯಲ್ಲ, ಮನೆಯ ಗಾಡಿಯೂ ಆಗಬಹುದು ಅನ್ನುವುದು ಎಷ್ಟೋ ಜನರ ಕಣ್ಣಿಗೆ ಬಿತ್ತು.

ಗಾಡಿಯ ಬಣ್ಣ ನೋಡುವ ಮೊದಲು ಆರ್‌ಸಿ ಕೇಳಿ ಪಡೆಯಿರಿ. ಅದರಲ್ಲಿ ನಾಲ್ಕು ವಿಷಯ ಗಮನಿಸಿ.

ಒಂದು, ಬೋರ್ಡ್ ಬಿಳಿಯೋ ಹಳದಿಯೋ. ಬಿಳಿ ಬೋರ್ಡಿನ ಸ್ವಂತ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಹಳದಿ ಬೋರ್ಡಿನ ಸರಕು ಗಾಡಿಗೆ ಎಂಟು ವರ್ಷ ದಾಟಿದರೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಸ್ವಂತ ಕಾರು, ಜೀಪಿನ ವರ್ಗಕ್ಕೆ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಗಾಡಿಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ಮಾಡಿದರು. ಇದರ ಮೇಲೆ ಹಸಿರು ತೆರಿಗೆ, ವಿಮೆ ಬೇರೆ. 'ಕಮ್ಮಿಗೆ ಸಿಗುತ್ತೆ' ಅನ್ನುವ ಮಾತಿಗೆ ಇವನ್ನೆಲ್ಲ ಕೂಡಿಸಿ ನೋಡಿ.

ಎರಡು, ಎಷ್ಟು ಸೀಟು. ಇದರ ಬಗ್ಗೆ ಮುಂದೆ ಬೇರೆಯಾಗಿಯೇ ಹೇಳುತ್ತೇನೆ.

ಮೂರು, ಖಾಲಿ ತೂಕ ಮತ್ತು ಒಟ್ಟು ತೂಕ. ಒಟ್ಟಿನಲ್ಲಿ ಖಾಲಿ ಕಳೆದರೆ ಬರುವುದೇ ಗಾಡಿ ಹೊರಬಹುದಾದ ಭಾರ. ಜನ, ನೀರು, ಹಾಸಿಗೆ, ಪೆಟ್ಟಿಗೆ ಎಲ್ಲ ಅದರೊಳಗೇ ಬರಬೇಕು.

ನಾಲ್ಕು, ಬ್ಯಾಂಕ್ ಸಾಲ. ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ನೋಂದಣಿ, ಎಫ್‌ಸಿ, ವಿಮೆ ಎಲ್ಲಿಯವರೆಗಿದೆ ಅಂತ ಕೂತಲ್ಲೇ ಗೊತ್ತಾಗುತ್ತದೆ. ಬಾಕಿ ದಂಡ ಇದೆಯೇ ಅನ್ನುವುದನ್ನೂ ಆಗಲೇ ನೋಡಿಬಿಡಿ.

ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವ ಹಾಗಿಲ್ಲವಂತೆ ಅಂತ ಅಕ್ಕಪಕ್ಕದವರು ಹೆದರಿಸಬಹುದು. ಆ ನಿಯಮ ಹುಟ್ಟಿದ್ದು ದೆಹಲಿ ಮತ್ತು ಸುತ್ತಲ ಪ್ರದೇಶಕ್ಕೆ, ಕರ್ನಾಟಕಕ್ಕಲ್ಲ. ಇಲ್ಲಿ ನೋಂದಣಿ ಅಥವಾ ಎಫ್‌ಸಿ ಚಾಲ್ತಿಯಲ್ಲಿದ್ದರೆ ಓಡಿಸಬಹುದು.

ನಿಮಗೊಂದು ಸಿಹಿ ಸುದ್ದಿಯೂ ಇದೆ. ಕಾರು ಓಡಿಸುವ ಲೈಸೆನ್ಸ್ ನಿಮಗಿದ್ದರೆ 7,500 ಕಿಲೋ ಮೀರದ ಹಳದಿ ಬೋರ್ಡ್ ಗಾಡಿಯನ್ನೂ ನೀವು ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಪಿಕಪ್‌ಗಳು ಇದಕ್ಕಿಂತ ಎಷ್ಟೋ ಹಗುರ. ದೂರದ ಜಾಗದಲ್ಲಿ ಮನೆಯವರಿಗೆ ಜ್ವರ ಬಂದರೆ ಗಾಡಿ ತರುವವರು ಯಾರು? ನೀವೇ! ಖಾಲಿ ಲೇಔಟ್‌ನಲ್ಲಿ ನಾಲ್ಕು ಭಾನುವಾರ ಕಲಿಯಿರಿ.

ಹಿಂದಿನ ಬಾಡಿಯಲ್ಲಿ ಮಕ್ಕಳು ಬೇಡವೇ ಬೇಡ

ಸಿಂಗಲ್ ಕ್ಯಾಬ್ ಪಿಕಪ್‌ನಲ್ಲಿ ಮುಂದೆ ಕೂರುವವರು ಇಬ್ಬರೋ ಮೂವರೋ ಅಷ್ಟೇ. ಮನೆಯಲ್ಲಿ ನಾಲ್ಕು ಜನ ಇದ್ದರೆ? 'ಮಕ್ಕಳು ಹಿಂದೆ ಹಾಸಿಗೆ ಮೇಲೆ ಆಡ್ಕೊಂಡು ಬರ್ತವೆ ಬಿಡು' ಅನ್ನುವ ಮಾತು ಇಲ್ಲಿಂದಲೇ ಹುಟ್ಟುವುದು. ಈ ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ರಾಜಿ ಮಾಡಿಕೊಳ್ಳಬೇಡಿ.

ಹಿಂದಿನ ಬಾಡಿ ಸರಕಿಗೆ ಮಾಡಿದ್ದು. ಅಲ್ಲಿ ಸೀಟಿಲ್ಲ, ಬೆಲ್ಟಿಲ್ಲ. ಜೋರಾಗಿ ಬ್ರೇಕ್ ಹಾಕಿದರೆ ಮಗು ಮುಂದಿನ ತಗಡಿಗೆ ಹೋಗಿ ಬಡಿಯುತ್ತದೆ. ಗಾಡಿ ಮಗುಚಿದರೆ ಹೇಳುವುದೇ ಬೇಡ. ಕಾನೂನೂ ಒಪ್ಪುವುದಿಲ್ಲ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಅಂದರೆ ಅನಾಹುತವಾದರೆ ಆಸ್ಪತ್ರೆಯ ಖರ್ಚೂ ನಿಮ್ಮ ತಲೆ ಮೇಲೆಯೇ.

ಆದ್ದರಿಂದ ನಾಲ್ಕು ಜನರ ಸಂಸಾರಕ್ಕೆ ಎರಡು ಸಾಲು ಸೀಟಿರುವ ಡಬಲ್ ಕ್ಯಾಬ್ ನೋಡಿ. ಹಿಂದಿನ ಸೀಟಿಗೂ ಬೆಲ್ಟ್ ಇದೆಯೇ, ಕೊಂಡಿ ಗಟ್ಟಿಯಾಗಿ ಕಚ್ಚುತ್ತದೆಯೇ ಅಂತ ನೀವೇ ಹಾಕಿ ಎಳೆದು ನೋಡಿ. ಅದರ ಹಿಂದಿನ ಬಾಡಿ ಗಿಡ್ಡ, ಒಳಗೆ ಕಾಲು ಚಾಚಿ ಮಲಗಲು ಆಗುವುದಿಲ್ಲ. ಸಾಮಾನು ಅಲ್ಲಿಡಿ, ಮಲಗಲು ಪಕ್ಕದಲ್ಲಿ ಟೆಂಟ್ ಹಾಕಿ. ಸಿಂಗಲ್ ಕ್ಯಾಬ್‌ನ ಉದ್ದ ಬಾಡಿಯಲ್ಲಿ ಇಬ್ಬರು ಆರಾಮಾಗಿ ಮಲಗಬಹುದು. ಅದು ಗಂಡ ಹೆಂಡತಿ ಇಬ್ಬರೇ ಹೋಗುವವರಿಗೆ ಸರಿ.

ದುಡ್ಡು ಎಲ್ಲಿ ಹೋಗಬೇಕು?

ಕೊಂಡ ಮೇಲೆ ಗಾಡಿಗೆ ಅಂತ ನೂರು ರೂಪಾಯಿ ಎತ್ತಿಟ್ಟಿದ್ದರೆ ಅರವತ್ತು ಬ್ರೇಕು, ಟೈರು, ಸ್ಟಿಯರಿಂಗ್, ತಂಪು ಮಾಡುವ ಭಾಗಗಳಿಗೆ ಹೋಗಲಿ. ಇಪ್ಪತ್ತು ದಾರಿಯಲ್ಲಿ ಬೇಕಾಗುವ ಸ್ಟೆಪ್ನಿ, ಜಾಕ್, ಹಗ್ಗಕ್ಕೆ. ಉಳಿದ ಇಪ್ಪತ್ತು ಹಾಸಿಗೆ, ಪೆಟ್ಟಿಗೆ, ದೀಪಕ್ಕೆ. ಸಾಮಾನ್ಯವಾಗಿ ಆಗುವುದು ಉಲ್ಟಾ. ಮೊದಲ ತಿಂಗಳೇ ಮಿಂಚುವ ಲೈಟು, ದಪ್ಪ ಟೈರು, ಸ್ಟಿಕ್ಕರ್ ಬರುತ್ತವೆ. ಬ್ರೇಕಿನ ಸರದಿ ಬರುವ ಹೊತ್ತಿಗೆ ಜೇಬು ಖಾಲಿ!

ಬ್ರೇಕ್: ಬ್ರೇಕ್ ಆಯಿಲ್ ನಮ್ಮ ಅಡುಗೆಮನೆಯ ಉಪ್ಪಿನ ಹಾಗೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಉದ್ದ ಇಳಿಜಾರಿನಲ್ಲಿ ಬಿಸಿಯಾದಾಗ ಆವಿಗುಳ್ಳೆ ಏಳುತ್ತದೆ. ಆಗ ಪೆಡಲ್ ತುಳಿದರೆ ಮೆತ್ತಗೆ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹಳೇ ಗಾಡಿ ಕೊಂಡ ಮೊದಲ ವಾರವೇ ಪೂರ್ತಿ ಬದಲಾಯಿಸಿ, ಆಮೇಲೆ ಎರಡು ವರ್ಷಕ್ಕೊಮ್ಮೆ. ಲೈನಿಂಗ್, ಹಿಂಬದಿ ಡ್ರಮ್, ರಬ್ಬರ್ ಹೋಸ್ ಕೂಡ ಬಿಚ್ಚಿಸಿ ನೋಡಿಸಿ. ಹ್ಯಾಂಡ್ ಬ್ರೇಕ್ ಹಾಕಿದಾಗ ಏರಿನಲ್ಲಿ ಗಾಡಿ ನಿಲ್ಲಲೇಬೇಕು. ಘಾಟಿ ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು ಅನ್ನುವುದು ಹಳೇ ಡ್ರೈವರ್‌ಗಳ ಮಾತು. ನ್ಯೂಟ್ರಲ್‌ಗೆ ಹಾಕಿ ಡೀಸೆಲ್ ಉಳಿಸುತ್ತೇನೆ ಅಂದರೆ ಒಪ್ಪಬೇಡಿ.

ಟೈರ್: ಔಷಧಿ ಕೊಳ್ಳುವಾಗ ಎಕ್ಸ್‌ಪೈರಿ ನೋಡುತ್ತೇವಲ್ಲ, ಟೈರಿಗೂ ಹಾಗೇ ತಾರೀಖು ಇರುತ್ತದೆ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿ ಹುಡುಕಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ ಟೈರನ್ನು ಪ್ರತಿ ಟ್ರಿಪ್ಪಿಗೆ ಮುಂಚೆ ಪಂಕ್ಚರ್ ಅಂಗಡಿಯಲ್ಲಿ ತೋರಿಸಿ. ಹಲ್ಲು ಎಷ್ಟೇ ಚೆನ್ನಾಗಿದ್ದರೂ ಪಕ್ಕದಲ್ಲಿ ಬಿರುಕು ಕಂಡರೆ ಬದಲಾಯಿಸಿ. ಹಲ್ಲಿನ ಆಳ 1.6 ಮಿಲಿಮೀಟರ್‌ಗಿಂತ ಕಮ್ಮಿ ಇರಬಾರದು ಅನ್ನುವುದು ನಿಯಮ. ಟೈರಿನ ಗಾಡಿಯ ನಡುವೆ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ, ಹಲ್ಲು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಕಥೆ ಮುಗಿಯಿತು ಅಂತಲೇ ಅರ್ಥ. ಸ್ಟೆಪ್ನಿಗೂ ಇದೇ ಪರೀಕ್ಷೆ.

ರೇಡಿಯೇಟರ್: ಇದು ಪ್ರೆಷರ್ ಕುಕ್ಕರ್ ಥರವೇ. ಮುಚ್ಚಳ ಒತ್ತಡ ಹಿಡಿದಿಟ್ಟರೆ ನೀರು ಬೇಗ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಹೋಗಿದ್ದರೆ, ನಮ್ಮ ಗ್ಯಾಸ್ಕೆಟ್ ಹೋದ ಹಾಗೆ, ಒತ್ತಡ ನಿಲ್ಲುವುದಿಲ್ಲ. ಬರೀ ನಲ್ಲಿ ನೀರು ತುಂಬಿದರೆ ಒಳಗೆ ತುಕ್ಕು, ಬಿಳಿ ಪೊರೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಗೀಸರ್ ಏನಾಗುತ್ತದೆ ಗೊತ್ತಲ್ಲ! ಬೆರೆಸಿಟ್ಟ ಕೂಲೆಂಟ್ ಹಾಕಿಸಿ. ಹೋಸ್ ಪೈಪ್ ಹಿಸುಕಿದಾಗ ಮೆತ್ತಗೆ ಉಬ್ಬಿದ್ದರೆ, ಬಿರುಕಿದ್ದರೆ ಬದಲಾಯಿಸಿ. ಫ್ಯಾನ್ ಬೆಲ್ಟ್ ಒಂದು ಹೆಚ್ಚುವರಿ ಇಟ್ಟುಕೊಳ್ಳಿ. ಇಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆಯಲು ಯಾರಿಗೂ ಬಿಡಬೇಡಿ. ವಿಶಲ್ ಇಳಿಯದ ಕುಕ್ಕರ್ ತೆರೆದ ಹಾಗೆ, ಮುಖ ಸುಟ್ಟೀತು.

ಕಮಾನು ಪಟ್ಟಿ, ಚಾಸಿ: ನಮ್ಮ ಕಡೆಯ ಪಿಕಪ್‌ಗಳು ಕಲ್ಲು, ಕಬ್ಬಿಣ ಹೊತ್ತು ಸೊರಗಿರುತ್ತವೆ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ, ಒಂದು ಕಡೆ ವಾಲಿದೆಯಾ? ಪಟ್ಟಿಯಲ್ಲಿ ಬಿರುಕು, ಚಾಸಿಯ ಮೇಲೆ ಹಳೇ ವೆಲ್ಡಿಂಗ್ ಗುರುತು ಇದೆಯಾ? ಹೊಸದಾಗಿ ಕಪ್ಪು ಪೇಂಟ್ ಬಳಿದಿದ್ದರೆ ಅನುಮಾನ ಪಡಿ. ಚಾಸಿ ಮುರಿದು ಬೆಸೆದ ಗಾಡಿ ಎಷ್ಟು ಅಗ್ಗವಾದರೂ ಬೇಡ. ಖಾಲಿ ಪಿಕಪ್ ಕುಲುಕುತ್ತದೆ ಅಂತ ಕೆಲವರು ಒಂದೆರಡು ಪಟ್ಟಿ ತೆಗೆಸುತ್ತಾರೆ. ಅದರ ಬದಲು ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲೋ ಮಾಲೀಕರ ಕೈಪಿಡಿಯಲ್ಲೋ ಖಾಲಿ ಗಾಡಿಗೆ ಎಷ್ಟು ಗಾಳಿ ಹೇಳಿದೆಯೋ ಅಷ್ಟೇ ಹಾಕಿಸಿ. ಲೋಡಿನ ಗಾಳಿ ಹಾಕಿ ಖಾಲಿ ಓಡಿಸಿದರೆ ಕುಲುಕದೆ ಇನ್ನೇನು?

ಬಿಡಿಭಾಗ ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಶಿವಾಜಿನಗರದ ಗುಜರಿಯಲ್ಲಿ ಬಾಗಿಲು, ಸೀಟು, ಕನ್ನಡಿ ಕೊಳ್ಳಿ, ತಪ್ಪಿಲ್ಲ. ಆದರೆ ಬ್ರೇಕಿಗೆ, ಸ್ಟಿಯರಿಂಗಿಗೆ ಸಂಬಂಧಪಟ್ಟದ್ದು ಹೊಸದೇ ಇರಲಿ, ಬಿಲ್ ಸಮೇತ ಇರಲಿ.

ಏನು ಬದಲಾಯಿಸಬಹುದು, ಏನು ಬೇಡ

'ಮಾಡಿಫೈ ಮಾಡಿಸೋಣ' ಅನ್ನುವ ಮುಂಚೆ ಕಾನೂನು ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ತಯಾರಿಸಿ ಆರ್‌ಸಿಯಲ್ಲಿ ಬರೆದ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿತು. ಚಾಸಿ ಕತ್ತರಿಸುವುದು, ಸಿಂಗಲ್ ಕ್ಯಾಬನ್ನು ಡಬಲ್ ಮಾಡುವುದು, ಹಿಂದೆ ಸೀಟು ಕೂರಿಸುವುದು, ಗಾಡಿ ಎತ್ತರಿಸುವುದು, ಗಾರ್ಡಿಗೆ ಉಜ್ಜುವಷ್ಟು ದಪ್ಪ ಟೈರು, ಇವೆಲ್ಲ ಬೇಡ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕುವುದೂ ತಪ್ಪು ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆದಿದೆ. ಅದು ಢಿಕ್ಕಿ ಹೊಡೆದ ಪಾದಚಾರಿಗೂ ಅಪಾಯ, ಒಳಗೆ ಕೂತವರಿಗೂ ಅಪಾಯ. ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟಿಗೆ ಕರ್ನಾಟಕ ಪೊಲೀಸರು 2024ರ ಜುಲೈನಿಂದ ಕೇಸು ಹಾಕಲು ಶುರುಮಾಡಿದರು.

ಹಾಗಾದರೆ ಏನು ಮಾಡಬಹುದು? ಬಿಚ್ಚಿ ತೆಗೆದು ಮನೆಯಲ್ಲಿಡಬಹುದಾದ ಯಾವುದೂ ಸಾಮಾನ್ಯವಾಗಿ ತಕರಾರು ತರುವುದಿಲ್ಲ. ಮರದ ಪೆಟ್ಟಿಗೆ, ಹಾಸಿಗೆ, ನಿಲ್ಲಿಸಿದಾಗ ಮಾತ್ರ ಎಳೆದು ಕಟ್ಟುವ ಟಾರ್ಪಾಲಿನ್, ಒಳಗಿನ ಸಣ್ಣ ದೀಪ. ಕಾಯಂ ಆಗಿ ಏನಾದರೂ ಕೂರಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಗೂ ಬರೆದು ತಿಳಿಸಿ. ತಿಳಿಸದೆ ಹಾಕಿದ ಫಿಟ್ಟಿಂಗ್ ನೆಪ ಮಾಡಿ ಕ್ಲೇಮ್ ತಳ್ಳಿಹಾಕಲು ಅವಕಾಶ ಕೊಡಬೇಡಿ.

ಹಿಂದಿನ ಬಾಡಿಯಲ್ಲೊಂದು ಪುಟ್ಟ ಮನೆ

ಈಗ ಬಂತು ನಮ್ಮ ವಿಭಾಗ! ಸಿಂಗಲ್ ಕ್ಯಾಬ್ ಆದರೆ ಬಾಡಿಯ ಅಗಲಕ್ಕೆ ಸರಿಯಾಗಿ ಒಂದೂವರೆ ಅಡಿ ಎತ್ತರದ ಎರಡು ಉದ್ದ ಪೆಟ್ಟಿಗೆ ಮಾಡಿಸಿ. ಮುಚ್ಚಳದ ಮೇಲೆ ಹಾಸಿಗೆ, ಒಳಗೆ ಸಾಮಾನು. ಡಬಲ್ ಕ್ಯಾಬ್ ಆದರೆ ಗಿಡ್ಡ ಪೆಟ್ಟಿಗೆಗಳು ಸಾಕು. ಪ್ಲೈವುಡ್ ನೀರು ತಡೆಯುವಂಥದ್ದೇ ಇರಲಿ. ಎಂಟಡಿ ನಾಲ್ಕಡಿಯ 18 ಎಂ.ಎಂ. ಹಲಗೆ ಒಂದೊಂದೂ ಸುಮಾರು 30-35 ಕಿಲೋ ತೂಗುತ್ತದೆ, ಮೇಲ್ಭಾಗಕ್ಕೆ ಮಾತ್ರ ಅದು ಬಳಸಿ ಪಕ್ಕಗಳಿಗೆ 12 ಎಂ.ಎಂ. ಹಾಕಿಸಿ. ಪೆಟ್ಟಿಗೆಯನ್ನು ಬಾಡಿಯ ಕೊಂಡಿಗಳಿಗೆ ಬೆಲ್ಟಿನಿಂದ ಬಿಗಿಯಿರಿ, ಇಲ್ಲದಿದ್ದರೆ ಮೊದಲ ಹಂಪಿನಲ್ಲೇ ಕುಣಿಯುತ್ತದೆ.

ಭಾರದ ಸಾಮಾನು ಕೆಳಗೆ, ಕ್ಯಾಬಿನ್ ಹತ್ತಿರ. ಹಗುರದ್ದು ಮೇಲೆ, ಹಿಂದೆ. ಗಾಡಿಯ ತಲೆ ಮೇಲೆ ಭಾರ ಪೇರಿಸಿದರೆ ತಿರುವಿನಲ್ಲಿ ವಾಲುತ್ತದೆ. 20 ಲೀಟರಿನ ನೀರಿನ ಕ್ಯಾನ್ ಅಂದರೆ 20 ಕಿಲೋ. ಎರಡು ಕ್ಯಾನ್ ಕ್ಯಾಬಿನ್ನಿಗೆ ಒತ್ತಿ ಇಡಿ.

ದೀಪಕ್ಕೆ ಗಾಡಿ ಬ್ಯಾಟರಿ ಸಾಕೇ? ನಮ್ಮ ಕರೆಂಟ್ ಬಿಲ್ಲಿನ ಲೆಕ್ಕವೇ ಇಲ್ಲೂ. 5 ವ್ಯಾಟಿನ ಎಲ್‌ಇಡಿ ನಾಲ್ಕು ಗಂಟೆ ಉರಿದರೆ 20 ವ್ಯಾಟ್-ಅವರ್. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ ಎರಡು ಆಂಪ್-ಅವರ್ ಕೂಡ ಆಗುವುದಿಲ್ಲ. 70 ಆಂಪ್-ಅವರಿನ ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ 40 ವ್ಯಾಟಿನ ಮಿನಿ ಫ್ರಿಜ್ ರಾತ್ರಿ ಹತ್ತು ಗಂಟೆ ಬಿಡದೆ ಓಡಿದರೆ 33 ಆಂಪ್-ಅವರ್ ಹೋಯಿತು. ಬೆಳಿಗ್ಗೆ ಸೆಲ್ಫ್ ಹೊಡೆಯದೇ ಇರಬಹುದು. ಹಾಲು, ತರಕಾರಿಗೆ ಐಸ್ ಡಬ್ಬ ಸಾಕು. ಯಾವ ವೈರ್ ಎಳೆದರೂ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ. ಹಳೇ ಗಾಡಿಗಳಿಗೆ ಬೆಂಕಿ ಹತ್ತುವುದು ಹೆಚ್ಚಾಗಿ ಇಂಥ ಜೋಡಿಸಿದ ವೈರುಗಳಿಂದಲೇ.

ಅಡುಗೆ ಹೊರಗೆ, ನಿದ್ದೆ ಒಳಗೆ

ಮನೆಯ 14.2 ಕಿಲೋ ಸಿಲಿಂಡರ್ ಗಾಡಿಗೆ ಹಾಕಬೇಡಿ. 5 ಕಿಲೋದ ಸಣ್ಣ ಸಿಲಿಂಡರ್ ಪೆಟ್ರೋಲ್ ಬಂಕುಗಳಲ್ಲೇ ಸಿಗುವ ವ್ಯವಸ್ಥೆ 2013ರಿಂದ ಇದೆ. ಅದನ್ನು ನಿಲ್ಲಿಸಿಯೇ ಕಟ್ಟಿ, ಮಲಗಿಸಬೇಡಿ. ಹೊರಡುವಾಗ ರೆಗ್ಯುಲೇಟರ್ ತೆಗೆದು ಕ್ಯಾಪ್ ಹಾಕಿ. ಐಎಸ್‌ಐ ಗುರುತಿನ ಪೈಪೇ ಬಳಸಿ, ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ.

ಇನ್ನು ಜೀವದ ಮಾತು. ಟಾರ್ಪಾಲಿನ್ ಮುಚ್ಚಿದ ಬಾಡಿಯೊಳಗೆ ಅಥವಾ ಟೆಂಟಿನೊಳಗೆ ಸ್ಟೌ ಹಚ್ಚಬಾರದು. ಚಳಿ ಅಂತ ಇದ್ದಿಲ ಅಗ್ಗಿಷ್ಟಿಕೆಯನ್ನು ಒಳಗಿಡಬಾರದು. 'ಹೊಗೆ ಬರ್ತಿಲ್ಲ, ಬರೀ ಕೆಂಡ' ಅಂದರೂ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ವಾಕರಿಕೆ, ಮಂಪರು. ನಿದ್ದೆಯಲ್ಲಿದ್ದವರಿಗೆ ಅದೂ ಗೊತ್ತಾಗದೆ ಪ್ರಾಣ ಹೋಗುತ್ತದೆ. ಇಂಜಿನ್ ಚಾಲೂ ಇಟ್ಟು ಮಲಗುವುದೂ ಅಷ್ಟೇ ಅಪಾಯ. ಚಳಿಗೆ ಕಂಬಳಿ, ಬಿಸಿನೀರ ಚೀಲ, ಗಾಳಿಗೆ ಎರಡು ಕಡೆ ಕಿಂಡಿ.

ಅಡುಗೆಯೂ ಸುಲಭವಾಗಿರಲಿ. ಮನೆಯಲ್ಲೇ ಹುರಿದ ರವೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿಹಿಟ್ಟು ಇದ್ದರೆ ಒಂದು ಒಲೆಯಲ್ಲಿ ಎರಡು ದಿನ ಕಳೆಯಬಹುದು. ಕ್ಯಾಂಪಿನಲ್ಲೂ ನೀವೇ ಒಲೆ ಮುಂದೆ ಕೂರಬೇಕು ಅಂತೇನಿಲ್ಲ. ಗಾಡಿ ತಂದವರು ಒಂದು ಹೊತ್ತು ಅನ್ನ ಮಾಡಲಿ ಬಿಡಿ!

ಹೋಗುವುದೆಲ್ಲಿಗೆ?

ಕಾಡಿನಲ್ಲಿ ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಿ ಮಲಗಬಹುದು ಅನ್ನುವುದು ತಪ್ಪು ಕಲ್ಪನೆ. ನಮ್ಮ ಪಕ್ಕದಲ್ಲೇ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ, ಅದರಾಚೆ ಕಾವೇರಿ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಕಡೆ ಅನುಮತಿ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ, ಬೆಂಕಿ ಹಾಕುವ ಹಾಗಿಲ್ಲ. ದಾರಿ ಬಿಟ್ಟು ಗಾಡಿ ನುಗ್ಗಿಸಿದರೆ ಗಾಡಿ ಜಪ್ತಿಯಾಗಬಹುದು. ಆನೇಕಲ್ಲಿನ ಮುತ್ಯಾಲಮಡುವು ಹಗಲಲ್ಲಿ ನೋಡಿ ಬರುವ ಜಾಗ, ರಾತ್ರಿ ಕ್ಯಾಂಪ್ ಹಾಕುವ ಜಾಗವಲ್ಲ. ಸಂಗಮ, ಮೇಕೆದಾಟಿನಲ್ಲಿ ನೀರಿಗಿಳಿಯುವುದು ಬೇಡವೇ ಬೇಡ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ.

ಇನ್ನೊಂದು ಮಾತು. ಕಾಡಂಚಿನ ನಮ್ಮ ತಾಲ್ಲೂಕಿನ ಹಳ್ಳಿಗಳಿಗೆ ರಾಗಿ ಕೊಯ್ಲಿನ ಕಾಲದಲ್ಲಿ ಆನೆ ಬರುವುದು ಹೊಸದೇನಲ್ಲ. ಕೆರೆ ದಂಡೆ, ರಾಗಿ ಹೊಲದ ಬದು ನೋಡಲು ಎಷ್ಟೇ ಚಂದವಿದ್ದರೂ ನವೆಂಬರ್, ಡಿಸೆಂಬರ್ ರಾತ್ರಿಗಳಲ್ಲಿ ಅಲ್ಲಿ ಮಲಗಬೇಡಿ. ಅಲ್ಲಿನ ರೈತರನ್ನು ಕೇಳಿ, ಅವರು 'ಬೇಡ ಕಣಮ್ಮ' ಅಂದರೆ ವಾದ ಮಾಡಬೇಡಿ.

ಮೊದಲ ಕ್ಯಾಂಪ್ ಪರಿಚಯದವರ ತೋಟದಲ್ಲಿ ಇರಲಿ. ನೆಂಟರ ಮಾವಿನ ತೋಪು, ಸ್ನೇಹಿತರ ಜಮೀನು, ಒಪ್ಪಿಗೆ ಪಡೆದು, ಬಾವಿ, ಶೌಚಾಲಯ ಇರುವ ಕಡೆ. ಸುರಕ್ಷಿತವಾಗಿ ನದಿ ದಡದ ಅನುಭವ ಬೇಕೆಂದರೆ ಜಂಗಲ್ ಲಾಡ್ಜಸ್‌ನವರ ಭೀಮೇಶ್ವರಿ, ಗಾಳಿಬೋರೆ ಕ್ಯಾಂಪುಗಳಿವೆ. ಗಾಡಿ ಅವರ ಪಾರ್ಕಿಂಗಿನಲ್ಲಿ, ನೀವು ಅವರ ಟೆಂಟಿನಲ್ಲಿ. ಹಳದಿ ಬೋರ್ಡಿನ ಗಾಡಿಯಾದರೆ ಅತ್ತಿಬೆಲೆ ದಾಟಿ ಹೊಸೂರು, ತಳಿ ಕಡೆ ಹೋಗುವ ಮುಂಚೆ ತಮಿಳುನಾಡಿನ ಪರ್ಮಿಟ್, ತೆರಿಗೆಯ ವಿಷಯ ಕೇಳಿಕೊಂಡೇ ಹೊರಡಿ.

ಮಣ್ಣು ದಾರಿಯಲ್ಲಿ

ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಫೋರ್ ವ್ಹೀಲ್ ಡ್ರೈವ್ ಎಲ್ಲ ಪಿಕಪ್‌ನಲ್ಲೂ ಇರುವುದಿಲ್ಲ. ಹಳೆಯವುಗಳಲ್ಲಿ ಹೆಚ್ಚಿನವು ಹಿಂದಿನ ಚಕ್ರದಿಂದಲೇ ಓಡುವಂಥವು. ಖಾಲಿ ಇದ್ದಾಗ ಹಿಂಭಾಗ ಹಗುರ, ಒದ್ದೆ ಜೇಡಿಮಣ್ಣಿನಲ್ಲಿ ಚಕ್ರ ಸುತ್ತಿದಲ್ಲೇ ಸುತ್ತುತ್ತದೆ. ಎತ್ತಿನಗಾಡಿ, ಟ್ರ್ಯಾಕ್ಟರ್ ಓಡಾಡುವ ಗಟ್ಟಿ ದಾರಿಯೇ ಅದಕ್ಕೆ ಮಿತಿ ಅಂದುಕೊಳ್ಳಿ. ಮಳೆ ಬಂದರೆ ವಾಪಸ್.

ಹೂತುಕೊಂಡರೆ ಆಕ್ಸಿಲರೇಟರ್ ಒತ್ತಬೇಡಿ, ಇನ್ನೂ ಆಳಕ್ಕೆ ಇಳಿಯುತ್ತದೆ. ಚಕ್ರದ ಮುಂದಿನ ಮಣ್ಣು ತೆಗೆದು ಕಲ್ಲು, ಗೋಣಿಚೀಲ ಹಾಸಿ ನಿಧಾನಕ್ಕೆ ಎತ್ತಿ. ಎಳೆಸುವುದಾದರೆ ಕಂಪನಿ ಕೊಟ್ಟ ಕೊಂಡಿಗೇ ಹಗ್ಗ ಕಟ್ಟಿ. ಬಂಪರಿಗೆ ಕಟ್ಟಿದರೆ ಕಿತ್ತು ಹಾರಿಬರುತ್ತದೆ. ಎಳೆಯುವಾಗ ಮಕ್ಕಳು, ನೋಡುವವರು ಹಗ್ಗದ ಎರಡು ಪಟ್ಟು ದೂರ ನಿಲ್ಲಲಿ. ಜಾಕ್ ಮೆತ್ತನೆ ಮಣ್ಣಿನಲ್ಲಿ ಇಳಿದುಹೋಗುತ್ತದೆ, ಕೆಳಗೆ ಇಡಲು ಒಂದಡಿ ಚೌಕದ ದಪ್ಪ ಹಲಗೆ ಜೊತೆಗಿರಲಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತಲೆ ಹಾಕಬಾರದು.

ನೀರು ದಾಟಬೇಕಾದರೆ ಮೊದಲು ಕೋಲು ಹಿಡಿದು ನಡೆದು ನೋಡಿ. ಹರಿಯುವ ನೀರು ಮೊಣಕಾಲು ಮುಟ್ಟಿದರೆ ದಾಟಬೇಡಿ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಎರಡು ಮೂರು ಸಲ ಒತ್ತಿ ಒಣಗಿಸಿ.

ಮನೆಗೆ ಬಂದ ಮೇಲೆ

ಪ್ರವಾಸದ ಬಟ್ಟೆ ಒಗೆಯುವ ದಿನವೇ ಗಾಡಿಗೂ ಸ್ನಾನ. ಕೆಳಭಾಗದ ಕೆಸರು ತೊಳೆಸದಿದ್ದರೆ ತುಕ್ಕು. ಏರ್ ಫಿಲ್ಟರ್ ತೆಗೆಸಿ ನೋಡಿ, ನಮ್ಮ ಕಡೆಯ ಕೆಂಪು ಧೂಳು, ಕಲ್ಲುಪುಡಿ ಅದನ್ನು ಬೇಗ ಕಟ್ಟುತ್ತದೆ. ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಬಸಿಸಿ. ಗ್ರೀಸ್ ಪಾಯಿಂಟ್‌ಗಳಿಗೆ ಗ್ರೀಸ್ ಹೊಡೆಸಿ. ನೀರು ದಾಟಿದ್ದರೆ ಗೇರ್ ಆಯಿಲ್, ಹಿಂದಿನ ಕ್ರೌನ್ ಆಯಿಲ್ ತೋರಿಸಲು ಹೇಳಿ. ಅದು ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ, ಅಂದೇ ಬದಲಾಯಿಸಿ.

ನಿಮ್ಮ ಕೈಯಲ್ಲಿರಲಿ ಈ ಪುಸ್ತಕ

ಹಾಲಿನವನ ಲೆಕ್ಕದಂತೆ ಗಾಡಿಗೂ ಒಂದು 100 ಪುಟದ ನೋಟ್‌ಬುಕ್ ಮಾಡಿ.

* ತಾರೀಖು, ಕಿಲೋಮೀಟರ್, ಏನು ಬದಲಾಯಿಸಿದ್ದು, ಎಷ್ಟು ಆಯಿತು. ಬಿಲ್ಲು ಅಲ್ಲೇ ಅಂಟಿಸಿ.
* ಎಫ್‌ಸಿ ಅಥವಾ ನೋಂದಣಿ, ವಿಮೆ, ಹೊಗೆ ಪರೀಕ್ಷೆಯ ಕೊನೆಯ ತಾರೀಖು ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ.
* ಐದೂ ಟೈರಿನ ನಾಲ್ಕಂಕಿ.
* ಮುಂದಿನ ಬ್ರೇಕ್ ಆಯಿಲ್, ಇಂಜಿನ್ ಆಯಿಲ್, ಕೂಲೆಂಟ್ ಬದಲಾವಣೆ ಯಾವಾಗ.
* ಹೊರಡುವ ಹಿಂದಿನ ಸಂಜೆ: ಗಾಳಿ, ಆಯಿಲ್, ಕೂಲೆಂಟ್, ದೀಪ, ಹಾರನ್, ಹ್ಯಾಂಡ್ ಬ್ರೇಕ್, ಸ್ಟೆಪ್ನಿ. ಪ್ರತಿಯೊಂದಕ್ಕೂ ಟಿಕ್.
* ಗಾಡಿಯಲ್ಲಿ ಸದಾ: ಜಾಕ್, ಹಲಗೆ, ಪಾನಾ, ಹಗ್ಗ, ಫ್ಯಾನ್ ಬೆಲ್ಟ್, ಫ್ಯೂಸ್, ಟಾರ್ಚ್, ಫಸ್ಟ್ ಏಯ್ಡ್ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್, ಐದು ಲೀಟರ್ ಹೆಚ್ಚುವರಿ ನೀರು.
* ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಅಂತ ಮನೆಯಲ್ಲಿ ಉಳಿದವರಿಗೆ ಒಂದು ಚೀಟಿ. 112 ನಂಬರ್ ಮಕ್ಕಳಿಗೂ ಬಾಯಿಪಾಠ ಇರಲಿ.

'ಬ್ರೇಕ್ ಆಯಿಲ್ ಯಾವಾಗ ಹಾಕಿಸಿದ್ದು?' ಅಂತ ಮೆಕ್ಯಾನಿಕ್ ಕೇಳಿದಾಗ ನೀವು ಪುಸ್ತಕ ತೆರೆದು ತಾರೀಖು ಹೇಳಿದಿರಿ ಅನ್ನಿ, ಇಲ್ಲದ ಕೆಲಸ ಹೇಳಿ ಬಿಲ್ ಬೆಳೆಸುವುದು ಅಷ್ಟು ಸುಲಭವಲ್ಲ. ಮನೆಯವರಿಗೂ ಹೊಸ ಲೈಟಿನ ಆಸೆ ಬಂದಾಗ ಪುಸ್ತಕದಲ್ಲಿ ಬಾಕಿ ಇರುವ ಟೈರು ಕಾಣುತ್ತದೆ.

ಈ ಸಲ ಮಳೆ ನಿಂತು ದಾರಿ ಒಣಗಲಿ, ಟಿಕ್‌ಗಳೆಲ್ಲ ಬೀಳಲಿ. ಆಮೇಲೆ ಒಂದು ಶನಿವಾರ ಬುತ್ತಿ ಕಟ್ಟಿಕೊಂಡು, ಬೆಲ್ಟ್ ಹಾಕಿಕೊಂಡು, ಬೆಳಕಿರುವಾಗಲೇ ಹೊರಡಿ. ಹೋಗಿ ಬನ್ನಿ, ಶುಭ ಪ್ರಯಾಣ!